ಊರಿನವರ ಭುಜ ಅಗಲವಾದ ಎರಡು ವರ್ಷ

ಊರಿನವರ ಭುಜಗಳು ಅಗಲವಾಗುತ್ತಿವೆ ಎಂದು ಗೇಣಣ್ಣ ಎರಡು ವರ್ಷದಿಂದ ಸಾರುತ್ತ ಬಂದಿದ್ದ. ಪಂಕ್ಚರ್ ಹಾಕಿಸಲು ಬಂದವರಿಗೆ ಹೇಳಿದ, ಗಾಳಿ ಹೊಡೆಸಲು ಬಂದವರಿಗೆ ಹೇಳಿದ, ದಾರಿ ಕೇಳಲು ನಿಂತ ಅಪರಿಚಿತರನ್ನೂ ಬಿಡಲಿಲ್ಲ. ಮೊದಲೆಲ್ಲ ಹೀಗಿರಲಿಲ್ಲ, ಈಗಿನವರ ಮೈಕಟ್ಟೇ ಬೇರೆ ಎಂದು ತಲೆದೂಗುತ್ತಿದ್ದ. ಕಾರಣ ಕೇಳಿದರೆ ದಿನಕ್ಕೊಂದು ಸಿದ್ಧವಿರುತ್ತಿತ್ತು. ಒಂದು ದಿನ ಜನರ ಊಟ ಸುಧಾರಿಸಿದೆ ಎನ್ನುವನು, ಇನ್ನೊಂದು ದಿನ ಎಲ್ಲರೂ ಮೇಜಿನ ಮೇಲೆ ಮೊಣಕೈ ಊರಿ ಕೂರುತ್ತಾರಲ್ಲ, ಅದಕ್ಕೇ ಎನ್ನುವನು. ನಲವತ್ತು ವರ್ಷ ಊರಿನ ಭುಜ ಅಳೆದವನು ಹೇಳುವಾಗ ಇಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು? ಕೇಳಿದವರು ತಮ್ಮ ಭುಜದ ಕಡೆ ಒಮ್ಮೆ ಕಣ್ಣು ಹಾಯಿಸಿ, ಎದೆ ಸ್ವಲ್ಪ ಮುಂದೆ ಮಾಡಿಕೊಂಡು ಹೋಗುತ್ತಿದ್ದರು.

ಅವನ ಸೈಕಲ್ ಅಂಗಡಿ ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿ ಮಾಡಿದ್ದು. ಒಳಗೆ ಇಬ್ಬರು ನಿಂತರೆ ಮೂರನೆಯವನು ಹೊರಗೇ ಇರಬೇಕು. ಒಂದು ಗೋಡೆಗೆ ಟೈರು, ಇನ್ನೊಂದು ಗೋಡೆಗೆ ಚೈನು, ಮೂಲೆಯಲ್ಲಿ ಟ್ಯೂಬು ಅದ್ದಿ ನೋಡುವ ನೀರಿನ ಬಕೆಟ್ಟು. ಉದ್ದಕ್ಕೂ ಒಂದು ಮರದ ಬೆಂಚು. ಆ ಬೆಂಚಿನ ಅಂಚಿನಲ್ಲಿ ಇಂಚಿಗೊಂದರಂತೆ ಗರಗಸದಿಂದ ಗೀರಿದ ಗೆರೆಗಳಿದ್ದವು. ಅವನಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಗೀರಿದ್ದು. ಆ ಮೇಸ್ತ್ರಿಯೇ ಮೊದಲ ದಿನ ಇವನ ಬಲಗೈಯನ್ನು ಬೆಂಚಿನ ಮೇಲೆ ಬಿಡಿಸಿ ಇಡಿಸಿ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಗೆರೆ ಎಣಿಸಿದ್ದ. ಸರಿಯಾಗಿ ಒಂಬತ್ತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ನಿನಗೆ ಟೇಪು ಬೇಡ ಹೋಗು ಎಂದಿದ್ದ ಮೇಸ್ತ್ರಿ. ಆ ಮಾತನ್ನು ಇವನು ಜನ್ಮಕ್ಕೆ ಸಾಕಾಗುವಷ್ಟು ಗಟ್ಟಿಯಾಗಿ ಹಿಡಿದುಕೊಂಡ. ಅಂದಿನಿಂದ ಅವನ ನಿಜವಾದ ಹೆಸರು ಮನೆಯವರಿಗೂ ಮರೆತುಹೋಗಿ ಗೇಣಣ್ಣ ಎಂಬುದೊಂದೇ ಉಳಿಯಿತು.

ಸೈಕಲ್ ಕೊಳ್ಳುವವರು ಬಣ್ಣ ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ, ಬೆಲ್ ಬಾರಿಸಿ ನೋಡುತ್ತಾರೆ. ಹ್ಯಾಂಡಲ್ಲಿನ ಅಗಲ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಗೇಣಣ್ಣನ ಕಣ್ಣಿಗೆ ಬೀಳುತ್ತಿದ್ದದ್ದು ಅದೊಂದೇ. ಹ್ಯಾಂಡಲ್ ಕಿರಿದಾದರೆ ಎದೆ ಹಿಂಡಿ ಉಸಿರು ಸಾಲುವುದಿಲ್ಲ, ಮುಂದಿನ ಚಕ್ರ ಸ್ವಲ್ಪ ತಿರುಗಿಸಿದರೂ ಹೊರಳುತ್ತದೆ. ಅಗಲವಾದರೆ ತೋಳು ಚಾಚಿ ಚಾಚಿ ಕತ್ತು ಹಿಡಿಯುತ್ತದೆ, ಮಣಿಕಟ್ಟು ಹೊರಕ್ಕೆ ಮುರಿದುಕೊಂಡು ಮೈಭಾರವೆಲ್ಲ ಅಂಗೈಯ ಹೊರ ಅಂಚಿನ ಮೇಲೆ ಕೂರುತ್ತದೆ. ಇದನ್ನೆಲ್ಲ ಅವನು ಪಾಠ ಒಪ್ಪಿಸಿದಂತೆ ಹೇಳುತ್ತಿದ್ದ. ಗಿರಾಕಿಯನ್ನು ಬೆನ್ನು ತಿರುಗಿಸಿ ನಿಲ್ಲಿಸುವನು. ಭುಜದ ತುದಿಯ ಮೂಳೆಯನ್ನು ಬೆರಳಿನಿಂದ ಹುಡುಕಿ, ಅಲ್ಲಿಂದ ಆ ತುದಿಯ ಮೂಳೆಯವರೆಗೆ ಗೇಣು ಹಾಕುವನು. 'ಎರಡು ಗೇಣಿಗೆ ಮೂರು ಬೆರಳು ಕಮ್ಮಿ' ಎಂದು ತನಗೆ ತಾನೇ ಗೊಣಗಿಕೊಂಡು, ಅದನ್ನು ಇಂಚಿಗೆ ಇಳಿಸಿ, ಕೈ ಹಿಡಿಯಲೆಂದು ಆ ಕಡೆ ಮೂರು ಬೆರಳು, ಈ ಕಡೆ ಮೂರು ಬೆರಳು ಸೇರಿಸಿ, ಬೆಂಚಿನ ಗೆರೆ ನೋಡಿ ಪೈಪು ಕತ್ತರಿಸುವನು. ಅರ ಹಾಕಿ ಅಂಚು ನಯ ಮಾಡಿ ಗ್ರಿಪ್ ತೊಡಿಸಿದರೆ ಮುಗಿಯಿತು. ಆಮೇಲೆ ಆ ಸೈಕಲ್ ಹತ್ತಿದವನಿಗೆ ತಾನು ಹ್ಯಾಂಡಲ್ ಹಿಡಿದಿದ್ದೇನೆ ಎಂಬುದೇ ಮರೆತುಹೋಗಬೇಕು. ಹಾಗೆ ಮರೆತುಹೋಗುವುದೇ ತನ್ನ ಕೆಲಸದ ಗುರುತು ಎಂದು ಅವನ ನಂಬಿಕೆ.

ಅವನಿಗೆ ಒಬ್ಬಳೇ ಮಗಳು. ನರ್ಸ್. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುವುದು ಅವಳ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಮನೆ, ಎಲ್ಲವೂ ಸೈಕಲ್ಲಿನಲ್ಲೇ. ಅವಳ ಕೈ ಹೂವಿನಂತೆ ಎಂದು ಮುದುಕರು ಹೊಗಳುತ್ತಿದ್ದರು. ಸೂಜಿ ಹೋದದ್ದೂ ಗೊತ್ತಾಗುವುದಿಲ್ಲ, ಬಂದದ್ದೂ ಗೊತ್ತಾಗುವುದಿಲ್ಲ. ಹತ್ತು ತಿಂಗಳ ಹಿಂದೆ ಅವಳ ಹಳೆಯ ಹ್ಯಾಂಡಲ್ ತುಕ್ಕು ಹಿಡಿದು ತೂತಾಗಿತ್ತು. ಅಪ್ಪ ಹೊಸದು ಹಾಕಿಕೊಟ್ಟ. ಅಳೆಯುವಾಗ ಅವಳ ಬೆನ್ನು ತಟ್ಟಿ, ನಿನ್ನ ಭುಜವೂ ಅಗಲವಾಗಿದೆ ಮಗಳೇ, ರೋಗಿಗಳನ್ನು ಎತ್ತಿ ಇಳಿಸಿ ಗಟ್ಟಿಮುಟ್ಟಾಗಿದ್ದೀಯ ಎಂದು ಹಿಗ್ಗಿದ್ದ. ಅವಳು ನಕ್ಕಿದ್ದಳು.

ಅದಾದ ನಾಲ್ಕು ತಿಂಗಳಿಗೆ ಅವಳ ಬಲಗೈಯ ಉಂಗುರದ ಬೆರಳು, ಕಿರುಬೆರಳು ಜುಮ್ಮೆನ್ನತೊಡಗಿದವು. ಮಲಗುವಾಗ ಕೈ ಮೇಲೆ ಮಲಗಿರಬೇಕು ಎಂದಳು ಅಮ್ಮ. ಶಕ್ತಿಯ ಮಾತ್ರೆ ತಿಂದಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರಿನಲ್ಲಿ ಇಟ್ಟಿದ್ದಾಯಿತು. ಬೆರಳುಗಳು ಜುಮ್ಮೆನ್ನುವುದನ್ನು ಬಿಟ್ಟು ಮರಗಟ್ಟಿದವು. ಒಂದು ದಿನ ಔಷಧಿಯ ಸೀಸೆ ಅವಳ ಕೈಯಿಂದ ಜಾರಿ ರೋಗಿಯ ಮಂಚದ ಕೆಳಗೆ ಚೂರಾಯಿತು. ಹಿರಿಯ ನರ್ಸಮ್ಮ ಕೂಗಾಡಲಿಲ್ಲ. ಸುಮ್ಮನೆ ಅವಳ ಸೂಜಿಯ ಪೆಟ್ಟಿಗೆ ತೆಗೆದುಕೊಂಡು, ಜ್ವರ ನೋಡಿ ಬರೆಯುವ ಪಟ್ಟಿ ಕೊಟ್ಟಳು. ಅಂದು ಮನೆಗೆ ಬಂದ ಮಗಳು ತುಂಬ ಹೊತ್ತು ಮುಖ ತೊಳೆಯುತ್ತಲೇ ಇದ್ದಳು. ಡಾಕ್ಟರು ಮಣಿಕಟ್ಟಿನ ಹತ್ತಿರ ನರ ಒತ್ತಿಕೊಂಡಿದೆ ಎಂದರು. ಕಾರಣ ತಿಳಿಯುತ್ತಿಲ್ಲ, ಕೊಯ್ದು ನೋಡಬೇಕು, ಗುರುವಾರ ಬನ್ನಿ. ಆ ಜಾಗ ಸೂಕ್ಷ್ಮ, ಕೈ ಪೂರ್ತಿ ಮೊದಲಿನಂತಾಗುತ್ತದೆ ಎಂದು ಮಾತು ಕೊಡಲಾರೆ ಎಂದೂ ಸೇರಿಸಿದರು.

ಆ ವಾರದ ಮಂಗಳವಾರ ಬೆಳಿಗ್ಗೆ ಊರಿನ ಬಡಗಿ ಅಂಗಡಿಗೆ ಬಂದ. ಬಂದವನೇ ಎರಡೂ ಮುಷ್ಟಿಗಳನ್ನು ಬೆಂಚಿನ ಮೇಲೆ ಇಟ್ಟ. ಗೆಣ್ಣುಗಳ ಚರ್ಮ ಕಿತ್ತುಹೋಗಿ ಕೆಂಪಗಿತ್ತು.

ಯಾರ ಜೊತೆ ಹೊಡೆದಾಡಿದೆ ಎಂದು ಗೇಣಣ್ಣ ಕೇಳಿದ. ನನ್ನ ಗೇಟಿನ ಜೊತೆ ಎಂದ ಬಡಗಿ. ಆ ಗೇಟನ್ನು ಅವನೇ ಇಪ್ಪತ್ತು ವರ್ಷದ ಹಿಂದೆ ಮಾಡಿದ್ದು, ತನ್ನ ಸೈಕಲ್ಲಿನ ಅಳತೆಗೆ ಮಾಡಿದ್ದು. ದಿನಾ ಸಂಜೆ ಇಳಿಯದೆಯೇ ನೇರ ಒಳಗೆ ನುಗ್ಗುತ್ತಿದ್ದ. ಆ ಕಂಬಕ್ಕೂ ಕೈಗೂ ಎರಡು ಬೆರಳು ಜಾಗ, ಈ ಕಂಬಕ್ಕೂ ಕೈಗೂ ಎರಡು ಬೆರಳು ಜಾಗ. ಹೋದ ವಾರ ಗೇಣಣ್ಣ ಹೊಸ ಹ್ಯಾಂಡಲ್ ಹಾಕಿಕೊಟ್ಟ ದಿನದಿಂದ ಎರಡೂ ಕಂಬಗಳು ಅವನ ಕೈ ಸುಲಿಯುತ್ತಿವೆ.

ಗೇಣಣ್ಣ ಗಟ್ಟಿಯಾಗಿ ನಕ್ಕ. ನಾನು ಹೇಳಲಿಲ್ಲವೇ, ನಿನ್ನ ಭುಜ ಅಗಲವಾಗಿದೆ, ಮೊದಲು ಎರಡು ಗೇಣಿಗೆ ಮೂರು ಬೆರಳು ಕಮ್ಮಿ ಇದ್ದದ್ದು ಈಗ ತುಂಬಿದ ಎರಡು ಗೇಣು ಎಂದ. ಇನ್ನು ಗೇಟು ಅಗಲ ಮಾಡಿಸಿಕೋ ಎಂದು ಬುದ್ಧಿಯನ್ನೂ ಹೇಳಿದ.

ಬಡಗಿ ನಗಲಿಲ್ಲ. "ನನ್ನ ಮದುವೆ ಕೋಟು ಹೋದ ತಿಂಗಳು ಹಾಕ್ಕೊಂಡಿದ್ದೆ. ಭುಜದಲ್ಲಿ ಇನ್ನೂ ಸಡಿಲ ಇದೆ" ಎಂದ. ಜೇಬಿನಿಂದ ಮಡಚುವ ಸ್ಕೇಲು ತೆಗೆದು ಬಿಚ್ಚಿದ. "ಎಲ್ಲಿ, ನಿನ್ನ ಕೈ ಇಡು."

ಗೇಣಣ್ಣ ಕೈ ಬಿಡಿಸಿ ಇಟ್ಟ. ಆ ಕೈಯನ್ನು ಅಳೆಯಲು ಇನ್ನೊಬ್ಬರು ಸ್ಕೇಲು ತಂದದ್ದು ಅವನಿಗೆ ಅವಮಾನದ ಮಾತೇ. ಆದರೂ ತಮಾಷೆ ನೋಡೋಣ ಎಂದು ಇಟ್ಟ. ಬಡಗಿ ಬಗ್ಗಿ ನೋಡಿದ. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದ.

"ಎಂಟು" ಎಂದ.

ನಿನ್ನ ಸ್ಕೇಲು ಸವೆದಿದೆ ಎಂದ ಗೇಣಣ್ಣ. ಬಡಗಿ ಸ್ಕೇಲನ್ನು ಬೆಂಚಿನ ಗೆರೆಗಳ ಪಕ್ಕ ಇಟ್ಟ. ಗೆರೆಗೆ ಗೆರೆ ಕೂಡಿತು. ಸರಿಯಾಗಿ ಬಿಡಿಸಿರಲಿಲ್ಲ, ತಡಿ ಎಂದು ಗೇಣಣ್ಣ ಹೆಬ್ಬೆರಳನ್ನು ಒಂದು ಗೆರೆಗೆ ಒತ್ತಿ, ಕಿರುಬೆರಳನ್ನು ಎಳೆದು ಎಳೆದು ಚಾಚಿದ. ಬೆರಳು ಎಂಟನೆಯ ಗೆರೆಯಲ್ಲಿ ನಿಂತಿತು. ಹಟ ಹಿಡಿದ ಎತ್ತಿನಂತೆ ಅಲ್ಲಿಂದ ಅಲುಗಲಿಲ್ಲ. ಎಡಗೈ ಇಟ್ಟು ನೋಡಿದ. ಅದು ಒಂಬತ್ತನೆಯ ಗೆರೆಯನ್ನು ಸಲೀಸಾಗಿ ಮುಟ್ಟಿತು.

ಅವನು ಮತ್ತೆ ಬಲಗೈಯನ್ನು ಬೆಂಚಿನ ಮೇಲೆ ಚಪ್ಪಟೆಯಾಗಿ ಇಟ್ಟು ಎಡಗೈಯಿಂದ ಒತ್ತಿದ. ಚಪ್ಪಟೆಯಾಗಲಿಲ್ಲ. ಅಂಗೈಗೂ ಮರಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ಬಡಗಿ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಆ ಸಂದಿಯಲ್ಲಿ ತೂರಿಸಿದ. ಅದು ಆ ಕಡೆಯಿಂದ ಈ ಕಡೆಗೆ ಉರುಳಿ ಬಂತು. ಅಂಗೈ ತಿರುಗಿಸಿ ನೋಡಿದರೆ ಉಂಗುರದ ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಚರ್ಮದ ಕೆಳಗೆ ಒಂದು ಹುರಿ ಎದ್ದಿತ್ತು. ಅದನ್ನು ಅವನು ದಿನಾ ನೋಡಿದ್ದ. ಸ್ಪ್ಯಾನರ್ ಹಿಡಿದು ಹಿಡಿದು ಬಂದ ಜಡ್ಡು ಎಂದುಕೊಂಡಿದ್ದ. ನೋವಿರಲಿಲ್ಲ. ನೋಯದೆ ಇರುವುದನ್ನು ಯಾರು ವಿಚಾರಿಸುತ್ತಾರೆ? ಮುಖ ತೊಳೆಯುವಾಗ ಕಿರುಬೆರಳು ಕಣ್ಣಿಗೆ ಚುಚ್ಚುತ್ತಿತ್ತು. ಜೇಬಿಗೆ ಕೈ ಹಾಕಿದರೆ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಆಗೆಲ್ಲ ಜೇಬು ಹೊಲಿದವನನ್ನು ಬೈದಿದ್ದ.

ಲೆಕ್ಕ ಹಾಕಲು ಯಾರೂ ಬೇಕಿರಲಿಲ್ಲ. ಒಂದು ಗೇಣಿಗೆ ಒಂದು ಇಂಚು ಸುಳ್ಳು. ಒಂದು ಭುಜಕ್ಕೆ ಎರಡು ಗೇಣು, ಎರಡು ಇಂಚು ಸುಳ್ಳು. ಊರಿನವರ ಭುಜ ಎಲ್ಲಿದ್ದವೋ ಅಲ್ಲೇ ಇದ್ದವು. ಮುದುಡಿದ್ದು ಅವನ ಕೈ. ಕೈ ಮುದುಡಿದ್ದು ಅವನಿಗೆ ಗೊತ್ತಾಗಲಿಲ್ಲ, ಏಕೆಂದರೆ ಜಗತ್ತಿನಲ್ಲಿ ಬದಲಾಗದೆ ಇರುವುದು ತನ್ನ ಕೈ ಒಂದೇ ಎಂದು ಅವನು ತಿಳಿದಿದ್ದ. ಆದ್ದರಿಂದ ಜಗತ್ತೇ ಉಬ್ಬಿದೆ ಎಂದು ತೀರ್ಮಾನಿಸಿಬಿಟ್ಟಿದ್ದ. ಅಷ್ಟೇ ಅಲ್ಲ, ಅದನ್ನು ಊರೆಲ್ಲ ಡಂಗುರ ಸಾರಿದ್ದ.

ಆಮೇಲೆ ಇನ್ನೊಂದು ನೆನಪಾಯಿತು. ನಿನ್ನ ಭುಜವೂ ಅಗಲವಾಗಿದೆ ಮಗಳೇ.

ಅವನು ಕೂತಿದ್ದ ಸ್ಟೂಲಿನಿಂದ ಎದ್ದದ್ದು, ಬಡಗಿಯ ಕೈಯಿಂದ ಸ್ಕೇಲು ಕಿತ್ತುಕೊಂಡದ್ದು, ಅಂಗಡಿಯ ಬಾಗಿಲು ತೆರೆದೇ ಬಿಟ್ಟು ರಸ್ತೆಗಿಳಿದದ್ದು ಅವನಿಗೆ ಸರಿಯಾಗಿ ನೆನಪಿಲ್ಲ. ಬಡಗಿಯೇ ಬಾಗಿಲು ಎಳೆದು, ಕೀಲಿ ಸಿಗದೆ, ಮಧ್ಯಾಹ್ನದವರೆಗೆ ಅಂಗಡಿ ಕಾದುಕೊಂಡು ಕೂತಿದ್ದನಂತೆ. ಬಂದವರಿಗೆ ಒಂದಿಬ್ಬರಿಗೆ ಗಾಳಿಯನ್ನೂ ಹೊಡೆದುಕೊಟ್ಟನಂತೆ.

ಮನೆಯಲ್ಲಿ ಮಗಳು ತಿಂಡಿಗೆ ಬಂದಿದ್ದಳು. ಅವಳ ಸೈಕಲ್ ಹಿತ್ತಲ ಗೋಡೆಗೆ ಒರಗಿತ್ತು. ಗೇಣಣ್ಣ ಮೊದಲು ಹ್ಯಾಂಡಲ್ಲಿಗೆ ಸ್ಕೇಲು ಹಿಡಿದ. ಇಪ್ಪತ್ತೆರಡೂಕಾಲು. ಒಳಗೆ ಹೋಗಿ ಮಗಳನ್ನು ಬೆನ್ನು ತಿರುಗಿಸಿ ನಿಲ್ಲು ಎಂದ. ಅಪ್ಪ ಹಾಗೆ ಹೇಳಿದರೆ ನಿಲ್ಲುವುದು ಅವಳಿಗೆ ಚಿಕ್ಕಂದಿನ ಅಭ್ಯಾಸ. ಬಾಯಲ್ಲಿ ತುತ್ತು ಇಟ್ಟುಕೊಂಡೇ ನಿಂತಳು. ಸ್ಕೇಲಿನ ತಣ್ಣನೆಯ ಮರ ತಾಗಿದಾಗ ಮಾತ್ರ ಏನಪ್ಪಾ ಎಂದು ತಿರುಗಿದಳು. ಅಪ್ಪನ ಕೈಯಲ್ಲಿ ಸ್ಕೇಲು ಇದ್ದದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಅವಳ ಭುಜಕ್ಕೆ ಇರಬೇಕಾದ ಹ್ಯಾಂಡಲ್ ಇಪ್ಪತ್ತೂಕಾಲು ಇಂಚು. ಹತ್ತು ತಿಂಗಳು ಅವಳು ಎರಡು ಇಂಚು ಹೆಚ್ಚು ಚಾಚಿ, ಮಣಿಕಟ್ಟು ಮುರಿದುಕೊಂಡು, ದಿನಕ್ಕೆ ಹನ್ನೆರಡು ಮನೆ ತಿರುಗಿದ್ದಳು. ಭಾರವೆಲ್ಲ ಅಂಗೈಯ ಹೊರ ಅಂಚಿನ ಮೇಲೆ. ಆ ಪಾಠವನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಿನ್ನ ಕೈ ಕೆಡಿಸಿದ್ದು ನಾನೇ" ಎಂದ. ತನ್ನ ಕೈ ಮುಂದೆ ಚಾಚಿ ತೋರಿಸಿದ, ಬಡಗಿ ಬಂದದ್ದು, ಎಂಟು ಇಂಚು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ಅಡುಗೆಮನೆಯಿಂದ ಬಂದ ಹೆಂಡತಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು.

ಮಗಳು ಎಡಗೈಯಿಂದ ಅವನ ಅಂಗೈ ತಿರುಗಿಸಿ, ಆ ಹುರಿಯ ಮೇಲೆ ಹೆಬ್ಬೆರಳು ಆಡಿಸಿದಳು. "ನಂಗೆ ಗೊತ್ತಿತ್ತಪ್ಪ" ಎಂದಳು.

ಏನು ಗೊತ್ತಿತ್ತು ಎಂದು ಅವನಿಗೆ ಹೊಳೆಯಲಿಲ್ಲ. ಹ್ಯಾಂಡಲ್ಲಿನ ವಿಷಯವೆಂದುಕೊಂಡ. ಅಲ್ಲ, ಅವನ ಕೈಯ ವಿಷಯ. ಒಂದೂವರೆ ವರ್ಷದಿಂದ ಅವಳು ನೋಡುತ್ತಿದ್ದಳು. ಊಟಕ್ಕೆ ಕೂತಾಗ, ಪೇಪರ್ ಮಡಚುವಾಗ, ಬೆರಳು ದಿನದಿನಕ್ಕೆ ಒಳಗೆ ಬಾಗುವುದನ್ನು ನೋಡಿದ್ದಳು. ಅದು ಯಾವ ರೋಗ ಎಂದೂ ಗೊತ್ತಿತ್ತು, ಬೇಗ ತೋರಿಸಿದರೆ ಸರಿಪಡಿಸಬಹುದು ಎಂದೂ ಗೊತ್ತಿತ್ತು. ಹೇಳಿದರೆ ಅಪ್ಪ ಹೆದರಿ ಅಂಗಡಿಯನ್ನೇ ಮುಚ್ಚಿಬಿಡುತ್ತಾನೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. "ನೀನು ಅಳೆಯೋದೂ ಅದೇ ಕೈಯಲ್ಲಿ ಅನ್ನೋದು ನಂಗೆ ಹೊಳೀಲೇ ಇಲ್ಲ. ಹುಟ್ಟಿದಾಗಿಂದ ನೋಡಿದ್ದಲ್ವಾ, ಅದೊಂದು ಅಳತೆ ಅಂತಾನೇ ಅನ್ನಿಸಿರಲಿಲ್ಲ" ಎಂದಳು.

ಗೇಣಣ್ಣ ಗೋಡೆ ಹಿಡಿದು ಕೂತುಬಿಟ್ಟ. ಎಂಟು ಎಂದಾಗ ಬಿದ್ದ ಪೆಟ್ಟಿಗಿಂತ ಇದು ದೊಡ್ಡದಾಗಿತ್ತು. ಅವನಿಗೆ ಮಗಳ ಮೇಲೆ ಕೋಪವೂ ಬರಲಿಲ್ಲ, ಅಳುವೂ ಬರಲಿಲ್ಲ. ಒಂದೇ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಊಟ ಮಾಡುತ್ತ, ಇವಳು ಅವನ ಕೈ ನೋಡಿ ಸುಮ್ಮನಿದ್ದಳು, ಅವನು ಇವಳ ಭುಜ ಮುಟ್ಟಿ ಬೀಗಿದ್ದ. ಹೀಗೂ ಉಂಟೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಸೈಕಲ್ ಹೊಡೆಯುತ್ತೀರಾ ಎಂದು ಕೇಳಿದ್ದೆನಲ್ಲ ಎಂದರು. ಹದಿನೈದು ವರ್ಷದಿಂದ ಹೊಡೆಯುತ್ತಿದ್ದೇನೆ, ಏನೂ ಆಗಿಲ್ಲ ಎಂದು ಆಗ ಹೇಳಿದ್ದು ಮಗಳೇ. ಗುರುವಾರದ ಕೊಯ್ತ ಮುಂದಕ್ಕೆ ಹೋಯಿತು. ಹ್ಯಾಂಡಲ್ ಸರಿಮಾಡಿ, ಎರಡು ವಾರ ಸೈಕಲ್ ಮುಟ್ಟಬೇಡಿ, ಆಮೇಲೆ ಮೆಲ್ಲಗೆ ಹೊಡೆಯಿರಿ. ಆರು ವಾರದಲ್ಲಿ ಎರಡೂ ಬೆರಳಿಗೆ ಸ್ಪರ್ಶ ಬಂದರೆ ಕತ್ತಿಯ ಕೆಲಸವಿಲ್ಲ. ಬರದಿದ್ದರೆ ಒಂದು ದಿನವೂ ತಡಮಾಡುವಂತಿಲ್ಲ. ಹೆಬ್ಬೆರಳಿನ ಪಕ್ಕದ ಮಾಂಸ ಆಗಲೇ ಇಳಿಯತೊಡಗಿದೆ, ಅದು ಹೋದರೆ ತಿರುಗಿ ಬರುವುದಿಲ್ಲ, ಸೂಜಿ ಹಿಡಿಯುವ ಕೆಲಸ ಅಲ್ಲಿಗೆ ಮುಗಿಯಿತು. ಡಾಕ್ಟರು ಇದನ್ನು ಎರಡು ಸಲ ಹೇಳಿದರು, ಎರಡನೆಯ ಸಲ ಅಪ್ಪನ ಮುಖ ನೋಡಿ ಹೇಳಿದರು.

ಅಂದೇ ಸಂಜೆ ಮಗಳು ಸ್ಕೇಲು ಹಿಡಿದು ಗುರುತು ಹಾಕಿದಳು, ಅವನು ಗರಗಸ ಎಳೆದ. ಆ ಕಡೆಯಿಂದ ಒಂದು ಇಂಚು, ಈ ಕಡೆಯಿಂದ ಒಂದು ಇಂಚು. ಎರಡು ತುಂಡುಗಳು ನೆಲಕ್ಕೆ ಬಿದ್ದು ಠಣ್ ಎಂದವು. ಇಷ್ಟೇನಾ ಎಂದಳು ಹೆಂಡತಿ. ಅಷ್ಟೇ.

ಆ ಎರಡು ವರ್ಷದಲ್ಲಿ ಹ್ಯಾಂಡಲ್ ಹಾಕಿಸಿಕೊಂಡವರು ಇಪ್ಪತ್ತಮೂರು ಜನ. ಗೇಣಣ್ಣನಿಗೆ ಒಬ್ಬೊಬ್ಬರೂ ನೆನಪಿದ್ದರು. ಬಡಗಿಯ ಸ್ಕೇಲು, ಗರಗಸ, ಅರ ಚೀಲಕ್ಕೆ ಹಾಕಿಕೊಂಡು ಮನೆಮನೆಗೆ ಹೊರಟ. ತಪ್ಪಾಗಿದೆ, ನನ್ನ ಕೈ ಮುದುಡಿದೆ ಎಂದು ಪ್ರತಿ ಬಾಗಿಲಲ್ಲೂ ಹೇಳಿದ. ಹಾಲು ಹಾಕುವವಳು, ಕತ್ತು ನೋವಿಗೆ ನಾನು ದಿಂಬು ಬದಲಾಯಿಸಿದ್ದೇ ಬದಲಾಯಿಸಿದ್ದು ಎಂದು ಹಣೆ ಚಚ್ಚಿಕೊಂಡಳು. ಬ್ರೆಡ್ಡು ಮಾರುವವನ ಸಂಕಟ ಇನ್ನೊಂದು ಬಗೆಯದು. ತನ್ನ ಭುಜ ಅಗಲವಾಗಿದೆ ಎಂದು ಅವನು ಹೆಂಡತಿಯ ತವರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ, ಹಳೆಯ ಅಳತೆಗೇ ಅಂಗಿ ಹೊಲಿದ ದರ್ಜಿಯ ಜೊತೆ ಜಗಳವಾಡಿ ಮಾತು ಬಿಟ್ಟಿದ್ದ. ಈಗ ನಾನು ಆ ದರ್ಜಿಗೆ ಯಾವ ಮುಖ ತೋರಿಸಲಿ ಎಂದು ಕೇಳಿದ. ಅಂಚೆಯವನೊಬ್ಬ ಮಾತ್ರ ಕತ್ತರಿಸಲು ಬಿಡಲಿಲ್ಲ. ನನಗೆ ಅಗಲವೇ ಹಿತ, ನಿನ್ನ ಕೈ ಮುದುಡಿದ್ದು ಒಳ್ಳೆಯದೇ ಆಯಿತು ಎಂದುಬಿಟ್ಟ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಗೇಣಣ್ಣನಿಗೆ ಅನ್ನಿಸಿತು. ಅವನ ಗಂಟಲಿನಲ್ಲಿ ಅನ್ನ ಇಳಿಯುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಏಳುತ್ತಿದ್ದ. ಅಂಗಡಿಗೆ ಬಂದ ಹೊಸಬರಿಗೆ ಬೇರೆ ಕಡೆ ಹೋಗಿ ಎನ್ನುತ್ತಿದ್ದ. ಕೆನ್ನೆಯ ಮೂಳೆ ಎದ್ದು ಕಾಣತೊಡಗಿತು.

ದಿನಾ ಬೆಳಿಗ್ಗೆ ಮಾತ್ರ ಒಂದು ಕೆಲಸ ತಪ್ಪುತ್ತಿರಲಿಲ್ಲ. ಮಗಳು ಮೇಜಿನ ಮೇಲೆ ಬಲಗೈ ಇಟ್ಟು ಕಣ್ಣು ಮುಚ್ಚಿಕೊಳ್ಳುವಳು. ಅವನು ಗುಂಡುಸೂಜಿಯ ತಲೆಯಿಂದ ಒಂದೊಂದೇ ಬೆರಳಿನ ತುದಿ ಮುಟ್ಟುವನು. ಯಾವುದೆಂದು ಅವಳು ಹೇಳಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಮೇಲೆ ಮೌನ. ಮೂರು ವಾರ ಹೀಗೇ ನಡೆಯಿತು.

ನಾಲ್ಕನೆಯ ವಾರದ ಒಂದು ದಿನ ಅವಳು, ಇದು ಉಂಗುರದ್ದು ಎಂದಳು. ಎಂದವಳೇ ಕಣ್ಣು ಬಿಟ್ಟು ಅಳತೊಡಗಿದಳು. ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಪಾತ್ರೆ ಬಿತ್ತು. ಗೇಣಣ್ಣ ಅಂದು ಊಟಕ್ಕೆ ಕೂತು ನಾಲ್ಕು ತುತ್ತು ತಿಂದ. ತಿನ್ನುವುದನ್ನು ಮಗಳು ಕಣ್ಣೆವೆ ಇಕ್ಕದೆ ನೋಡುತ್ತಿದ್ದಳು. ಐದನೆಯ ವಾರದ ಕೊನೆಗೆ ಕಿರುಬೆರಳೂ ಬಂತು. ಸ್ವಲ್ಪ, ಬಟ್ಟೆಯ ಮೇಲಿಂದ ಮುಟ್ಟಿದ ಹಾಗೆ ಎಂದಳು. ಆಮೇಲೆ ದಿನಾ ಐದಕ್ಕೆ ಐದೂ ಹೇಳತೊಡಗಿದಳು. ಅವನು ತಟ್ಟೆ ಖಾಲಿ ಮಾಡತೊಡಗಿದ. ಡಾಕ್ಟರ ಹತ್ತಿರ ಹೋಗಿ ಏನು ಮಾಡುವುದು, ಎರಡೂ ಬಂದಿವೆಯಲ್ಲ ಎಂದು ಮಗಳು ಒಂದೆರಡು ಸಲ ಅಂದಳು. ಹೌದಲ್ಲ ಎಂದು ಅವನಿಗೂ ಅನ್ನಿಸಿತು.

ಆರು ವಾರ ತುಂಬುವ ದಿನ ಬೆಳಿಗ್ಗೆ ಅವರು ಎಂದಿನಂತೆ ಕೂತರು. ಹೆಬ್ಬೆರಳು ಎಂದಳು. ತೋರುಬೆರಳು, ನಡುಬೆರಳು, ಉಂಗುರದ್ದು ಎಂದಳು. ಅವನು ಸೂಜಿ ಎತ್ತಿದ. ಎತ್ತಿದ್ದೇ ಅವನ ಬಾಗಿದ ಬೆರಳು ಮೇಜಿನ ಬಟ್ಟೆಯ ಅಂಚಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಳ್ಳಲು ಒಂದು ಗಳಿಗೆ ತಡವಾಯಿತು. ಸೂಜಿ ಇನ್ನೂ ಗಾಳಿಯಲ್ಲೇ ಇತ್ತು.

"ಕಿರುಬೆರಳು" ಎಂದಳು ಮಗಳು, ಕಣ್ಣು ಮುಚ್ಚಿಕೊಂಡು, ನಗುಮುಖದಲ್ಲಿ.

ಅವನು ಸೂಜಿಯನ್ನು ನೋಡಿದ, ಅವಳ ಬೆರಳನ್ನು ನೋಡಿದ. ನಡುವೆ ನಾಲ್ಕು ಬೆರಳಷ್ಟು ಜಾಗವಿತ್ತು. ಇಷ್ಟು ದಿನವೂ ಅವನು ಹೆಬ್ಬೆರಳಿನಿಂದ ಶುರುಮಾಡಿ ಸಾಲಾಗಿಯೇ ಮುಟ್ಟುತ್ತ ಬಂದಿದ್ದ. ಮುಂದಿನದು ಯಾವುದೆಂದು ಹೇಳಲು ಸ್ಪರ್ಶ ಯಾಕೆ ಬೇಕು? ಅವನು ಈಗ ಸಾಲು ತಪ್ಪಿಸಿ ಮುಟ್ಟಿದ. ಉಂಗುರದ್ದು ಎಂದಳು, ಸರಿ. ತೋರುಬೆರಳು ಎಂದಳು, ಸರಿ. ಮತ್ತೆ ಉಂಗುರದ್ದು, ಸರಿ. ಆಮೇಲೆ ಕಿರುಬೆರಳನ್ನು ಮುಟ್ಟಿದ. ಅವಳು ಏನೂ ಹೇಳಲಿಲ್ಲ. ಒತ್ತಿ ಮುಟ್ಟಿದ. ಸೂಜಿ ತಿರುಗಿಸಿ ಮೊನೆಯಿಂದಲೇ ಚುಚ್ಚಿದ. ಒಂದು ಹನಿ ರಕ್ತ ಬಂತು. ಅವಳು ನಗುಮುಖದಲ್ಲೇ ಕಾಯುತ್ತ ಕೂತಿದ್ದಳು.

"ಮುಟ್ಟು ಅಪ್ಪ" ಎಂದಳು.

ಎಷ್ಟು ಹೊತ್ತಾದರೂ ಏನೂ ಆಗದಿದ್ದಾಗ ಅವಳು ಕಣ್ಣು ಬಿಟ್ಟಳು. ರಕ್ತ ನೋಡಿದಳು, ಅಪ್ಪನ ಮುಖ ನೋಡಿದಳು, ತಲೆ ತಗ್ಗಿಸಿದಳು. ಉಂಗುರದ ಬೆರಳು ಬಂದದ್ದು ನಿಜ ಎಂದು ಮೆಲ್ಲಗೆ ಹೇಳಿದಳು. ಕಿರುಬೆರಳು ಒಂದು ದಿನವೂ ಬಂದಿರಲಿಲ್ಲ. "ನೀನು ಊಟ ಬಿಟ್ಟುಬಿಟ್ಟಿದ್ದೆಯಲ್ಲಪ್ಪ. ನಂಗೆ ನೋಡೋಕಾಗ್ಲಿಲ್ಲ. ಮುಂದೆ ತಾನಾಗೇ ಬರುತ್ತೆ ಅಂದ್ಕೊಂಡೆ."

ತಾನಾಗಿ ಬರುವುದಿಲ್ಲ, ಒಂದು ದಿನವೂ ತಡಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದು ಅವಳಿಗೆ ಅವನಿಗಿಂತ ಚೆನ್ನಾಗಿ ಅರ್ಥವಾಗಿತ್ತು. ಅವಳು ನರ್ಸ್. ಅಪ್ಪ ನಾಲ್ಕು ತುತ್ತು ತಿನ್ನಲಿ ಎಂದು ತನ್ನ ಕೈಯನ್ನೇ ಕಳೆದುಕೊಳ್ಳಲು ಹೊರಟಿದ್ದಳು. ಮಗಳ ಮೇಲೆ ಯಾವತ್ತೂ ದನಿ ಎತ್ತದವನು ಅಂದು ಮೇಜು ಗುದ್ದಿದ.

"ನನ್ನ ಕೈ ನೋಡಿ ಒಂದ್ಸಲ ಸುಮ್ಮನಿದ್ದೆ. ಏನಾಯ್ತು ಅಂತ ಕಂಡೆಯಲ್ಲ? ಈಗ ನಿನ್ನ ಕೈ ನೋಡ್ಕೊಂಡೂ ಸುಮ್ಮನಿರ್ತೀಯಾ?"

ಅವನು ಉತ್ತರಕ್ಕೆ ಕಾಯಲಿಲ್ಲ. ಚಪ್ಪಲಿ ಮೆಟ್ಟಿ ಅವಳ ತೋಳು ಹಿಡಿದು ಎಬ್ಬಿಸಿದ. ಹೆಂಡತಿ ಅವಳ ಬೆರಳಿಗೆ ಹತ್ತಿ ಸುತ್ತಿ, ಹೋಗಿ ಹೋಗಿ ಎಂದು ಬೆನ್ನ ಮೇಲೆ ಕೈಯಿಟ್ಟು ಇಬ್ಬರನ್ನೂ ಹೊರಗೆ ದೂಡಿದಳು. ಬಾಗಿಲು ತೆರೆಯುವ ಹೊತ್ತಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರೇ ಮೊದಲಿಗರು.

ಚೀಟಿ ಬರೆಯುವ ಕಿಟಕಿಯ ಹೆಂಗಸು ಯಾರಿಗೆ ತೋರಿಸಬೇಕು ಎಂದು ಕೇಳಿದಳು. ಮಗಳು ಅಪ್ಪನ ಬಲಗೈ ಹಿಡಿದೆತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅದರ ಪಕ್ಕ ತನ್ನ ಕೈ ಇಟ್ಟಳು.

"ಇಬ್ಬರಿಗೂ" ಎಂದಳು.

ಹೆಂಗಸು ಎರಡು ಚೀಟಿ ಎಳೆದುಕೊಂಡಳು. ಗೇಣಣ್ಣ ಕಿಟಕಿಯ ಸರಳುಗಳಿಗೆ ಮುಖ ತಾಗಿಸಿ ಬಗ್ಗಿದ. "ಅವಳದ್ದು ಮೊದಲು ಬರ್ಕೊಳ್ಳಿ" ಎಂದ. "ಇವತ್ತೇ ಕೊನೇ ದಿನ."